ಟ್ರಂಕಿನಲ್ಲಿ ಉಳಿದ ಆದೇಶ

ಜುಮಕಿ ಕದ್ದದ್ದು ನನ್ನ ಮೊಮ್ಮಗಳು. ಏಳು ವರ್ಷದ ಮೇಲೆ ಆ ಕಳವನ್ನು ಪೊಲೀಸರ ಕೈಗೆ ಎತ್ತಿ ಕೊಟ್ಟದ್ದು ನಾನು. ನಡೆದದ್ದು ಇಷ್ಟೇ. ಆದರೆ ಯಾರೋ ಹೊಟ್ಟೆಕಿಚ್ಚಿಗೆ ಅರ್ಜಿ ಬರೆದರು, ಯಾರೋ ಮಾಟ ಮಾಡಿಸಿದರು, ಹುಡುಗಿಯ ನಸೀಬು ಸರಿಯಿಲ್ಲ ಎಂದು ಓಣಿಯವರು ದಿನಕ್ಕೊಂದು ಮಾತು ಹುಟ್ಟಿಸುತ್ತಾರೆ. ಎಲ್ಲ ಸುಳ್ಳು. ನಸೀಬಿಗೆ ಟ್ರಂಕಿನ ಬೀಗ ತೆಗೆಯಲು ಬರುವುದಿಲ್ಲ. ಕೀಲಿ ನನ್ನ ಸೊಂಟದಲ್ಲಿತ್ತು, ತೆಗೆದವಳು ನಾನು.

ನಾನು ರೊಟ್ಟಿ ಬಡಿಯುವವಳು. ನಮ್ಮೂರು ಮಾನವಿಗೂ ದೇವದುರ್ಗಕ್ಕೂ ನಡುವೆ ಇದೆ. ಈ ಕಡೆ ಮದುವೆ ಎಂದರೆ ಹತ್ತು ಹದಿನೈದು ದಿನ ಮೊದಲೇ ಖಡಕ್ ರೊಟ್ಟಿ ಬಡಿಸಿ, ಒಣಗಿಸಿ, ಬುಟ್ಟಿಗಳಲ್ಲಿ ಒಟ್ಟಿಡುತ್ತಾರೆ. ಆ ಕೆಲಸಕ್ಕೆ ನನ್ನನ್ನು ಕರೆಯುತ್ತಿದ್ದರು. ಮಗಳು ಮತ್ತು ಅಳಿಯ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋದವರು ವರ್ಷಕ್ಕೊಮ್ಮೆ ಬರುತ್ತಾರೆ. ಅವರ ಮಗಳನ್ನು ಸಾಕಿದ್ದು ನಾನು. ಅವಳು ಹತ್ತನೆಯ ಪರೀಕ್ಷೆ ಬರೆದು ಮನೆಯಲ್ಲಿ ಕುಳಿತಿದ್ದಳು, ಹದಿನಾರು ತುಂಬಿರಲಿಲ್ಲ. ಕುಳಿತು ಏನು ಮಾಡುತ್ತಾಳೆ, ಹಿಟ್ಟಾದರೂ ನಾದಲಿ ಎಂದು ದೇವದುರ್ಗದ ಒಂದು ದೊಡ್ಡ ಮನೆಗೆ ಕರೆದುಕೊಂಡು ಹೋದೆ.

ಆ ಮನೆಯ ಸೊಸೆ ಮುಖ ತೊಳೆಯುವಾಗ ಜುಮಕಿ ಬಿಚ್ಚಿ ಹಿತ್ತಲಿನ ಗೂಡಿನಲ್ಲಿ ಇಟ್ಟು ಮರೆತಿದ್ದಳು. ನೀರು ತರಲು ಹೋದ ನನ್ನ ಮೊಮ್ಮಗಳು ಅವನ್ನು ತೆಗೆದುಕೊಂಡು ಬಂದು ನಮ್ಮ ಹಿಟ್ಟಿನ ಚೀಲದ ತಳಕ್ಕೆ ಹಾಕಿದಳು. ಸಂಜೆ ಅದೇ ಚೀಲ ನನ್ನ ತಲೆಯ ಮೇಲೆ. ಬಸ್ಸಿನಲ್ಲಿ ಅದೇ ಚೀಲ ನನ್ನ ತೊಡೆಯ ಮೇಲೆ. ಎರಡು ದಿನ ಬಿಟ್ಟು ಮನೆಯಲ್ಲಿ ಚೀಲ ಜಾಡಿಸಿದಾಗ ಹಿಟ್ಟು ನಾದುವ ಪರಾತದಲ್ಲಿ ಠಣ್ ಎಂದಿತು.

ಕಪಾಳಕ್ಕೆ ಎರಡು ಕೊಟ್ಟೆ. ಯಾಕೆ ಎಂದು ಕೇಳಿದೆ.

"ಕಿವಿಗಿ ಚಂದ ಕಾಣತಾವ ಅನಿಸ್ತು," ಎಂದಳು.

ಅಷ್ಟೇ ಕಾರಣ. ಆಮೇಲೆ ಬಂದ ಬಂದವರೆಲ್ಲ ಬಡತನ, ತಾಯಿ ದೂರ, ಯಾರೋ ಕಲಿಸಿಕೊಟ್ಟರು ಎಂದು ಕಾರಣ ಹುಡುಕಿದರು. ಹುಡುಗಿ ಒಂದೇ ಮಾತು ಹೇಳಿದಳು, ಕೊನೆಯವರೆಗೂ ಅದನ್ನೇ ಹೇಳಿದಳು. ಆ ಒಂದು ವಿಷಯದಲ್ಲಿ ಅವಳನ್ನು ಮೆಚ್ಚಬೇಕು.

ಒಲೆ ಆರಿಸಿ, ಸಿಕ್ಕ ಬಸ್ಸು ಹತ್ತಿ, ಜುಮಕಿಯನ್ನು ಆ ಮನೆಯ ಯಜಮಾನಿತಿಯ ಕೈಗೆ ಇಟ್ಟೆ. ಅವರು ಎಣಿಸಿ ನೋಡಿ, ತೂಗಿ ನೋಡಿ, ಒಳಗೆ ಇಟ್ಟುಕೊಂಡು ಬಂದು ಹೇಳಿದರು: "ಕಂಪ್ಲೇಂಟ್ ಕೊಟ್ಟಾಗ್ಯದ. ಈಗ ವಾಪಸ್ ತಗೊಂಡ್ರ ನಮ್ಮ ಮನ್ಯಾವ್ರ ಮಾತಿಗಿ ಏನು ಬೆಲಿ?" ರೊಟ್ಟಿ ಕೆಲಸವೂ ಅಂದಿಗೆ ಮುಗಿಯಿತು. ಆ ಮನೆಯದಷ್ಟೇ ಅಲ್ಲ, ಆ ಓಣಿಯದೇ ಮುಗಿಯಿತು.

ಹದಿನೆಂಟು ತುಂಬದವರನ್ನು ದೊಡ್ಡವರ ಕೋರ್ಟಿಗೆ ಹಾಕುವುದಿಲ್ಲ. ಅವರಿಗೆ ರಾಯಚೂರಿನಲ್ಲಿ ಬೇರೆ ಮಂಡಳಿ ಇದೆ. ಇದೆಲ್ಲ ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಸಲ ಹೋಗಿ ಬಂದೆ. ಒಂದು ಸಲ ಠಾಣೆಯಿಂದ ಕಾಗದ ಬಂದಿಲ್ಲ. ಒಂದು ಸಲ ಜುಮಕಿಯವರು ಬಂದಿಲ್ಲ. ಒಂದು ಸಲ ಎಲ್ಲರೂ ಬಂದಿದ್ದಾರೆ, ಜಡ್ಜ್ ಅಮ್ಮನವರು ರಜೆ. ಹುಡುಗಿ ತಪ್ಪು ಒಪ್ಪಿಕೊಂಡಿದ್ದಾಳೆ, ಒಡವೆ ಒಡೆಯರ ಕಿವಿಯಲ್ಲಿದೆ, ಇನ್ನು ಏನನ್ನು ವಿಚಾರಿಸುತ್ತಾರೆ ಎಂದು ನನಗೆ ಸಿಟ್ಟು. ಪಿಯುಸಿಯ ಮೊದಲ ವರ್ಷವೆಲ್ಲ ಹೀಗೆ ತಾರೀಖಿನ ಹಿಂದೆ ಹೋಯಿತು. ಕಾಲೇಜಿನಲ್ಲಿ ಯಾಕೆ ರಜೆ ಎಂದು ಕೇಳಿದರೆ ಅಜ್ಜಿಗೆ ಮೈ ಸರಿಯಿಲ್ಲ ಎಂದು ಬರೆಯುತ್ತಿದ್ದಳು. ಆ ವರ್ಷ ಕಾಗದದ ಮೇಲೆ ನನಗೆ ಬಾರದ ರೋಗವಿಲ್ಲ.

ನಡುವೆ ಒಬ್ಬ ಪ್ರೊಬೇಷನ್ ಅಧಿಕಾರಿ ಮನೆ ನೋಡಲು ಬಂದರು. ಮಗು ಎಂಥದ್ದು, ಮನೆ ಎಂಥದ್ದು ಎಂದು ಮಂಡಳಿಗೆ ಬರೆದು ಕೊಡುವುದು ಅವರ ಕೆಲಸ. ಕಣ್ಣಿಗೆ ಕನ್ನಡಕ, ಕೈಯಲ್ಲಿ ಹಾಳೆ, ಒಳ್ಳೆಯ ಮನುಷ್ಯ.

"ಹುಡುಗಿ ಸ್ವಭಾವ ಹೆಂಗದ ಯವ್ವಾ?"

"ಹಟ."

"ಮತ್ತ?"

"ಬಾಯಿ ಭಾಳ."

"ಒಳ್ಳೇದು ಏನರ ಹೇಳ್ರಿ."

"ಒಳ್ಳೇದು ಇದ್ದಿದ್ರ ನೀವ್ಯಾಕ ಬರ್ತಿದ್ರಿ?"

ಅವರು ನಕ್ಕರು. ಹಾಳೆಯಲ್ಲಿ ಏನು ಬರೆದರೋ ಎಂದು ಮೊಮ್ಮಗಳು ಇಣುಕಿ ನೋಡಿ ಆಮೇಲೆ ನನಗೆ ಹೇಳಿದಳು: ಚುರುಕು, ದಿಟ್ಟ ಎಂದು ಬರೆದಿದ್ದರಂತೆ.

ಕೊನೆಯ ತಾರೀಖಿನ ದಿನ ಸಣ್ಣ ಕೋಣೆಯಲ್ಲಿ ಕುಳಿತಿದ್ದೆವು. ಕಟಕಟೆ ಇಲ್ಲ, ಖಾಕಿ ಇಲ್ಲ. ಜಡ್ಜ್ ಅಮ್ಮನವರು, ಅವರ ಎರಡೂ ಬದಿಗೆ ಒಬ್ಬೊಬ್ಬ ಸದಸ್ಯರು. ಏನು ಮಾಡಿದೆ ಎಂದು ಕೇಳಿದಾಗ ಹುಡುಗಿ ತಲೆ ತಗ್ಗಿಸಿ "ಜುಮಕಿ ತಗೊಂಡೆ" ಎಂದಳು.

"ಕದ್ದಾಳ್ರಿ," ಎಂದೆ ನಾನು. "ತಗೊಂಡೆ ಅಂದ್ರ ಯಾರೋ ಕೊಟ್ಟಂಗಾತು."

ಜಡ್ಜ್ ಅಮ್ಮನವರು ನನ್ನನ್ನು ನೋಡಿದರು. "ಅಜ್ಜಿ, ಸ್ವಲ್ಪ ಸುಮ್ಮನಿರಿ. ನಾನು ಅವಳನ್ನು ಕೇಳ್ತಾ ಇದ್ದೀನಿ," ಎಂದರು. ಅವರ ಆದೇಶ ಇದು: ಬುದ್ಧಿ ಹೇಳಿ ಬಿಡುವುದು. ಒಂದು ತಿಂಗಳು ದಿನಕ್ಕೆ ಎರಡು ತಾಸು ಸರ್ಕಾರಿ ಆಸ್ಪತ್ರೆಯಲ್ಲಿ ಸೇವೆ ಮಾಡುವುದು. ಒಂದು ವರ್ಷ ಪ್ರೊಬೇಷನ್ ಅಧಿಕಾರಿ ಬಂದು ನೋಡಿಕೊಂಡು ಹೋಗುವುದು. ಜೈಲಿಲ್ಲ, ಬಾಲಮಂದಿರವಿಲ್ಲ. ನನ್ನನ್ನು ಕೇಳಿದ್ದರೆ ಆಸ್ಪತ್ರೆ ಆರು ತಿಂಗಳು ಎನ್ನುತ್ತಿದ್ದೆ. ಕೇಳಲಿಲ್ಲ.

ಆಮೇಲೆ ಅವರು ಹುಡುಗಿಗೆ ಹೇಳಿದ ಮಾತು ನನಗೆ ನುಂಗಲಾಗಲಿಲ್ಲ. "ಮುಂದೆ ಯಾರಾದರೂ ನಿನ್ನ ಮೇಲೆ ಕೇಸು ಇತ್ತಾ ಅಂತ ಕೇಳಿದರೆ ಇಲ್ಲ ಅಂತ ಹೇಳಬಹುದು. ಕಾನೂನೇ ಹಾಗೆ ಇದೆ. ಅಪೀಲಿನ ಗಡುವು ಮುಗಿದು, ನಿನ್ನ ಸೇವೆ, ಒಂದು ವರ್ಷ ಎಲ್ಲ ಮುಗಿದ ಮೇಲೆ ಈ ಕಡತವನ್ನೇ ನಾವು ನಾಶ ಮಾಡ್ತೀವಿ. ಇದು ನಿನ್ನ ಬೆನ್ನು ಹತ್ತಬಾರದು."

ಒಂದು, ಜಡ್ಜ್ ಆದವರು ಹುಡುಗಿಗೆ ಸುಳ್ಳು ಹೇಳಲು ಕಲಿಸುತ್ತಿದ್ದಾರೆ ಎನಿಸಿತು. ಇನ್ನೊಂದು, ನಾಶ ಎಂಬ ಮಾತಿಗೆ ನಾನು ಅಂಜಿದೆ.

ಯಾಕೆಂದರೆ ಕಾಗದ ನಾಶವಾದರೆ ಏನಾಗುತ್ತದೆ ಎಂದು ನನಗೆ ಗೊತ್ತು. ನನ್ನ ಗಂಡ ಸತ್ತಾಗ ಬರೆಸಿದ ನೋಂದಣಿ ಪುಸ್ತಕ ಮಳೆಗೆ ನೆನೆದು ಹಾಳಾಯಿತು ಎಂದು ಕಚೇರಿಯವರು ಹೇಳಿದರು. ಮೂರು ವರ್ಷ ನನಗೆ ವಿಧವಾ ಪಿಂಚಣಿ ಬರಲಿಲ್ಲ. ಬರೀ ಹಣೆ, ಬರೀ ಕೈ ಇಟ್ಟುಕೊಂಡು ಅವರ ಮುಂದೆ ನಿಂತಿದ್ದೇನೆ, ಸತ್ತದ್ದಕ್ಕೆ ದಾಖಲೆ ಏನು ಎಂದು ನನ್ನನ್ನೇ ಕೇಳುತ್ತಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಸರ್ಕಾರದ ಮೊಹರು ಬಿದ್ದ ಯಾವ ಕಾಗದ ಬಂದರೂ ಮೊದಲು ಲ್ಯಾಮಿನೇಷನ್, ಆಮೇಲೆ ಟ್ರಂಕು. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ. ನೀರು ಬಿದ್ದರೂ ಸರಿ, ಇಲಿ ಬಂದರೂ ಸರಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು ಗಟ್ಟಿಯಾಗಿರುತ್ತವೆ.

ಅವರು ಕಡತ ಸುಟ್ಟರೆ, ನಾಳೆ ಯಾವನೋ ಪೊಲೀಸ್ ಬಂದು ನಿನ್ನ ಮೇಲೆ ಕೇಸಿದೆ ನಡಿ ಎಂದರೆ, ಬಿಟ್ಟಿದ್ದಾರೆ ಎಂದು ತೋರಿಸಲು ಏನಿರುತ್ತದೆ? ಹೀಗೆ ಯೋಚಿಸಿ ನಕಲು ಬೇಕೇ ಬೇಕು ಎಂದು ಕುಳಿತೆ. ಕೊಟ್ಟರು. ರಾಯಚೂರಿನ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅಂದೇ ಪ್ಲಾಸ್ಟಿಕ್ ಹೊದಿಸಿದೆ. ಇನ್ನೂ ಬಿಸಿಯಿದ್ದ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಊರಿಗೆ ಬಂದೆ. ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ.

ಹುಡುಗಿ ಆಸ್ಪತ್ರೆಯಲ್ಲಿ ಹತ್ತಿ ಉಂಡೆ ಮಾಡಿದಳು, ಚೀಟಿ ಬರೆದಳು, ಮುದುಕರನ್ನು ಕೈಹಿಡಿದು ಕೂರಿಸಿದಳು. ಒಂದು ತಿಂಗಳಾದ ಮೇಲೂ ಹೋಗುತ್ತಿದ್ದಳು. ಅಲ್ಲಿ ಅವಳ ಮನಸ್ಸು ಬದಲಾಯಿತು ಎಂದು ಪ್ರೊಬೇಷನ್ ಅಧಿಕಾರಿ ಹೇಳಿದರು. ಅಲ್ಲಿ ಫ್ಯಾನ್ ಇತ್ತು ಎಂದು ನಾನು ಹೇಳುತ್ತೇನೆ. ಏನಾದರಾಗಲಿ, ಪಿಯುಸಿ ಮುಗಿಸಿ ರಾಯಚೂರಿನಲ್ಲಿ ನರ್ಸಿಂಗ್ ಓದಿದಳು. ಓದು ಮುಗಿದ ಮೇಲೆ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು. ಶನಿವಾರ ಊರಿಗೆ ಬರುತ್ತಿದ್ದಳು. ಈ ವರ್ಷ ಸರ್ಕಾರಿ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿ ಆಯ್ಕೆಯಾದವರ ಪಟ್ಟಿ ಬಂತು. ಅದರಲ್ಲಿ ಅವಳ ಹೆಸರಿತ್ತು. ಇನ್ನು ಉಳಿದದ್ದು ಪೊಲೀಸ್ ವಿಚಾರಣೆ ಒಂದೇ.

ವಿಚಾರಣೆಗೆ ಬಂದ ಪೇದೆ ನಮ್ಮ ಕಡೆಯ ಹುಡುಗನೇ. ಹೊತ್ತು ಏರುತ್ತಿತ್ತು, ನಾನು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದೆ. ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದ. ಮರ್ಯಾದೆ ಗೊತ್ತಿದ್ದವನು.

"ನಿಮ್ಮ ಮೊಮ್ಮಗಳಿಗಿ ನೌಕರಿ ಆಗ್ಯದಂತಲ್ಲ ಯವ್ವಾ. ಸ್ವೀಟ್ ಎಲ್ಲಿ?"

"ನೌಕರಿ ಕೈಗಿ ಬರಲಿ, ಆಮ್ಯಾಲ ಸ್ವೀಟ್. ಈಗ ಚಾ ಕುಡಿ."

ಆಧಾರ್ ಕೇಳಿದ, ಮಾರ್ಕ್ಸ್ ಕಾರ್ಡ್ ಕೇಳಿದ. ಅವನು ಕೇಳಿದ್ದು ಎರಡೇ. ಆ ಎರಡನ್ನಷ್ಟೇ ಕೊಟ್ಟು ಸುಮ್ಮನಿದ್ದರೆ ಈ ಬರಹಕ್ಕೆ ಕೆಲಸವಿರಲಿಲ್ಲ. ಆದರೆ ಸರ್ಕಾರದವರು ಮನೆಗೆ ಬಂದಾಗ ಇದ್ದ ಕಾಗದವನ್ನೆಲ್ಲ ಮುಂದಿಡುವುದು ನಮ್ಮ ಪದ್ಧತಿ. ಯಾವುದಾದರೂ ಒಂದು ಕಡಿಮೆ ಎಂದು ಬರೆದುಕೊಂಡು ಹೋದರೆ ಮತ್ತೆ ಅಲೆದಾಟ. ಟ್ರಂಕು ತೆಗೆದೆ. ಇಡೀ ಕಟ್ಟನ್ನು ತಂದೆ. ಜಡ್ಜ್ ಸಹಿ ಇದ್ದದ್ದು ಎಲ್ಲಕ್ಕಿಂತ ದೊಡ್ಡದು ಎಂದು ಅದನ್ನೇ ಮೇಲೆ ಇಟ್ಟೆ.

ಅವನು ಓದಿದ. ಚಹಾದ ಲೋಟ ಕೆಳಗಿಟ್ಟ. ಇನ್ನೊಮ್ಮೆ ಓದಿದ.

"ಯವ್ವಾ, ಇದೇನಿದು?"

"ಬಿಡುಗಡಿ ಕಾಗದ. ಏನೂ ಬಾಕಿ ಇಲ್ಲ, ನೋಡು. ಮಂಡಳಿಯವ್ರೇ ಬರದು ಕೊಟ್ಟಾರ."

"ಇದರದೊಂದು ಫೋಟೋ ತಗೊಳ್ಳಲೇನು?"

"ತಗೋ ಯಪ್ಪಾ. ಬೆಳಕಿಗಿ ಹಿಡಿ, ಪ್ಲಾಸ್ಟಿಕ್ ಹೊಳೀತದ," ಎಂದೆ. ನಾನೇ ಹಿಡಿದುಕೊಂಡು ನಿಂತೆ, ಅವನು ತೆಗೆದ.

ಶನಿವಾರ ಮೊಮ್ಮಗಳು ಬಂದಾಗ ಎಲ್ಲ ಕಾಗದ ತೋರಿಸಿ ಕಳಿಸಿದೆ, ಒಂದೂ ಕಡಿಮೆಯಾಗಲಿಲ್ಲ ಎಂದು ಹೇಳಿದೆ. ಅವಳು ಬ್ಯಾಗು ಹೆಗಲಿನಿಂದ ಇಳಿಸಿರಲಿಲ್ಲ.

"ಎಲ್ಲಾ ಅಂದ್ರ?"

"ಎಲ್ಲಾ."

ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು. "ಮಂಡಳಿಯವ್ರು ಸುಟ್ಟು ಹಾಕಿದ್ದು ಯಾಕಂತ ತಿಳಿದಿದ್ದಿ ನೀ? ಜಾಗ ಇಲ್ಲಂತ ಸುಟ್ಟಾರೇನು?" ಎಂದಳು. ಅಷ್ಟೇ. ಆಮೇಲೆ ಎರಡು ವಾರ ನನ್ನೊಡನೆ ಮಾತಿಲ್ಲ. ಶನಿವಾರ ಬಂದರೂ ನಾನು ತಟ್ಟೆ ಇಟ್ಟರೆ ಉಣ್ಣುವುದು, ತೊಳೆದಿಟ್ಟು ಮಲಗುವುದು.

ಆ ಎರಡು ವಾರದ ಕೊನೆಗೆ ನೌಕರಿ ಕಚೇರಿಯಿಂದ ಕಾಗದ ಬಂತು. ಅವಳೇ ಗಟ್ಟಿಯಾಗಿ ಓದಿದಳು, ನನಗೆ ಕೇಳಲಿ ಎಂದೇ. ಅದರಲ್ಲಿ ಕಳವಿನ ಮಾತು ದೊಡ್ಡದಿರಲಿಲ್ಲ. ಅರ್ಜಿಯಲ್ಲಿ 'ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿತ್ತೇ' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆದಿದ್ದೀರಿ, ಪೊಲೀಸ್ ವರದಿ ಬೇರೆ ಹೇಳುತ್ತದೆ, ಮಾಹಿತಿ ಮುಚ್ಚಿಟ್ಟಿದ್ದಕ್ಕೆ ಆಯ್ಕೆಯನ್ನು ಏಕೆ ರದ್ದು ಮಾಡಬಾರದು ಎಂದು ಹದಿನೈದು ದಿನದಲ್ಲಿ ಉತ್ತರ ಕೊಡಿ, ಎಂದಿತ್ತು. ಕದ್ದದ್ದಕ್ಕೆ ಒಂದು ತಿಂಗಳು ಆಸ್ಪತ್ರೆಯಲ್ಲಿ ದುಡಿದು ಮುಗಿಸಿದ್ದಳು. ಈಗ ಜಡ್ಜ್ ಹೇಳಿಕೊಟ್ಟಂತೆ ಬರೆದದ್ದಕ್ಕೆ ಸುಳ್ಳುಗಾರ್ತಿ ಎಂಬ ಹೊಸ ಹೆಸರು.

ರಾಯಚೂರಿಗೆ ಇಬ್ಬರೂ ಹೋದೆವು. ಮೊದಲು ಮಂಡಳಿಯ ಕಚೇರಿ. ಅಲ್ಲಿನ ಗುಮಾಸ್ತೆ ಹೆಣ್ಣುಮಗಳು ಕಂಪ್ಯೂಟರ್ ನೋಡಿದಳು, ರಿಜಿಸ್ಟರ್ ನೋಡಿದಳು.

"ಅಂಥಾ ಕೇಸ್ ನಮ್ಮಲ್ಲಿ ಇಲ್ಲರೀ."

"ಇಲ್ಲ ಅಂತ ಬರದು ಕೊಡ್ರಿ ಹಂಗಾದ್ರ."

"ಇಲ್ಲದ್ದಕ್ಕ ಹೆಂಗ ಬರದು ಕೊಡಲಿ? ನಾಶ ಆದದ್ದು ಆತು. ಇತ್ತು ಅಂತನೂ ನಾ ಹೇಳಂಗಿಲ್ಲ."

ಅವಳ ಮಾತು ಸರಿಯೇ. ಸರಿಯಾದ ಮಾತಿನಿಂದ ನಮಗೆ ಏನೂ ಉಪಯೋಗವಾಗಲಿಲ್ಲ.

ಅಲ್ಲಿಂದ ನೌಕರಿ ಕೊಡುವ ಕಚೇರಿಗೆ. ಕುರ್ಚಿಯಲ್ಲಿದ್ದವರು ಪೊಲೀಸ್ ವರದಿ ತೆಗೆದು ಮುಂದಿಟ್ಟರು. ಅದಕ್ಕೆ ಪಿನ್ ಹಾಕಿದ ಫೋಟೋದಲ್ಲಿ ನನ್ನ ಕಾಗದ. ಕಾಗದದ ಅಂಚಿನಲ್ಲಿ ನನ್ನ ಹೆಬ್ಬೆರಳು, ಅದರ ಉಗುರಿನಲ್ಲಿ ಮೆಣಸಿನಕಾಯಿಯ ಕೆಂಪು.

"ಇದರಾಗೇ ಕೊನೀಗಿ ಬರದದಲ್ಲರೀ, ಇದು ಮುಂದ ಯಾವುದಕ್ಕೂ ಅಡ್ಡಿ ಆಗಬಾರದು ಅಂತ," ಎಂದಳು ಮೊಮ್ಮಗಳು.

"ಫೋಟೋದಾಗ ಕೊನೀ ಸಾಲು ಓದಾಕ ಬರಲ್ಲಮ್ಮ. ಒರಿಜಿನಲ್ ತಂದು ಕೊಡು, ಫೈಲಿಗಿ ಹಾಕಿ ಮ್ಯಾಲ ಕಳಸ್ತೀವಿ."

"ಫೈಲಿಗಿ ಹಾಕಿದ್ರ ಅದು ಅಲ್ಲೇ ಉಳೀತದಲ್ಲರೀ," ಎಂದೆ ನಾನು. "ಯಾರೂ ನೋಡಬಾರದು ಅಂತ ಅದರಾಗ ಬರದದ. ಅದನ್ನ ತೋರಸಾಕ ಅದನ್ನೇ ಎಲ್ಲಾರಿಗೂ ತೋರಸ್ಬೇಕು?"

"ರೂಲ್ಸ್ ಯವ್ವಾ. ನಾ ಏನು ಮಾಡಲಿ? ಠಾಣೆಯವ್ರು ಬ್ಯಾರೆ ವರದಿ ಕಳಿಸಿದ್ರ ನಮ್ದೇನೂ ತಕರಾರಿಲ್ಲ. ಗಡುವಿನೊಳಗ ಬರಬೇಕು, ಅಷ್ಟೇ."

ಆ ಮನುಷ್ಯನ ಮುಖದಲ್ಲಿ ಕೆಟ್ಟತನವಿರಲಿಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಈ ಅಲೆದಾಟದಲ್ಲಿ ಒಬ್ಬನೂ ಬೈಯಲು ಸಿಗಲಿಲ್ಲ. ಮಂಡಳಿ ತನ್ನ ಕೆಲಸ ಮಾಡಿತ್ತು, ಹುಡುಗಿ ತನ್ನ ಶಿಕ್ಷೆ ಮುಗಿಸಿದ್ದಳು, ಪೇದೆ ಕಂಡದ್ದನ್ನು ಬರೆದಿದ್ದ, ಗುಮಾಸ್ತರು ಬಂದದ್ದನ್ನು ಓದಿದ್ದರು. ಕೊನೆಗೆ ತಿರುಗಿ ತಿರುಗಿ ಎಲ್ಲ ನನ್ನ ಹೆಬ್ಬೆರಳಿಗೇ ಬಂದು ನಿಲ್ಲುತ್ತಿತ್ತು.

ಕೋರ್ಟಿನ ಆವರಣದಲ್ಲಿ ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಚೇರಿ ಇದೆ. ಅಲ್ಲಿ ಸಿಕ್ಕವಳು ಸಣ್ಣ ವಯಸ್ಸಿನ ವಕೀಲೆ. ಅಂದು ಕಾಗದವನ್ನು ಪೂರ್ತಿ ಓದಿದ್ದು ಅವಳೊಬ್ಬಳೇ.

"ಇಲ್ಲ ಅಂತ ಬರದದ್ದು ತಪ್ಪಲ್ಲ. ಕಾನೂನು ಆಕಿಗಿ ಆ ಹಕ್ಕು ಕೊಟ್ಟದ," ಎಂದಳು. "ತಪ್ಪು ಆದದ್ದು ಠಾಣೆಯಾಗ. ಮುಗಿದುಹೋದ ಮಕ್ಕಳ ಕೇಸನ್ನ ನಡತೆ ವರದಿಯಾಗ ಬರೀಬಾರದು. ನಾ ಎರಡು ಅರ್ಜಿ ಬರದು ಕೊಡ್ತೀನಿ. ಒಂದು ನೌಕರಿ ಕಚೇರಿಗಿ, ಒಂದು ಠಾಣೆಗಿ, ವರದಿ ತಿದ್ದಿ ಕಳಸ್ರಿ ಅಂತ."

"ಈ ಕಾಗದ?" ಎಂದು ನಾನು ಕೇಳಿದೆ.

"ಯಾರಿಗೂ ಕೊಡಬ್ಯಾಡ್ರಿ. ಅದು ಬೇಕಾಗಿಲ್ಲ. ಆಕಿ ಹಕ್ಕು ಕಾನೂನಿನಾಗ ಅದ, ಈ ಹಾಳಿಯಾಗಲ್ಲ. ಖರೇ ಹೇಳಬೇಕಂದ್ರ ಅಜ್ಜಿ, ಈಗ ಇಡೀ ಜಿಲ್ಲೆಯಾಗ ಆ ಕೇಸಿನ ಗುರುತು ಉಳಿದದ್ದು ಎರಡೇ ಕಡೆ. ಒಂದು ಆ ವರದಿಯಾಗ. ಇನ್ನೊಂದು ನಿಮ್ಮ ಚೀಲದಾಗ."

ನಾನು ಚೀಲವನ್ನು ಮಡಿಲಿನಿಂದ ತೆಗೆದು ಕೆಳಗಿಟ್ಟೆ. ಯಾಕೆ ಹಾಗೆ ಮಾಡಿದೆನೋ.

ನೌಕರಿ ಕಚೇರಿಯ ಅರ್ಜಿಯನ್ನು ಅಂದೇ ಕೊಟ್ಟು ಮೊಹರು ಹಾಕಿಸಿಕೊಂಡೆವು. ಠಾಣೆಯದು ಉಳಿಯಿತು. ಸಂಜೆಯ ಬಸ್ಸಿಗೆ ಸೀಟು ಸಿಕ್ಕಿತು. ಗಡುವಿಗೆ ಆರು ದಿನ ಬಾಕಿ. ಕಲ್ಲೂರು ದಾಟುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ಮಾತಾಡಿದಳು.

"ಯವ್ವಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಅದನ್ನ ಯಾಕ ಇಟ್ಟಿದ್ದಿ?"

"ಹೇಳೀನಲ್ಲ. ನಾಳಿ ಯಾರರ ಬಂದ್ರ..."

"ಅದೊಂದೇ ಅಲ್ಲ."

ನಾನು ಟಿಕೆಟನ್ನು ಸೆರಗಿನ ತುದಿಗೆ ಗಂಟು ಹಾಕತೊಡಗಿದೆ.

"ನಾ ಎದುರು ಮಾತಾಡಿದ್ರ ನೀ ಏನಂತಿದ್ದಿ? ಕಾಲೇಜಿನಿಂದ ತಡ ಆಗಿ ಬಂದ್ರ? ಹೊಸಾ ಡ್ರೆಸ್ ಕೇಳಿದ್ರ?"

ಅವಳೇ ನನ್ನ ಧಾಟಿಯಲ್ಲಿ ಹೇಳಿದಳು, ನಾಲ್ಕು ಸೀಟಿನವರಿಗೆ ಕೇಳುವಂತೆ: "'ಟ್ರಂಕು ತೆಗೀಲೇನು ಬೇ?' ಅಂತಿದ್ದಿ. ಆರು ವರ್ಷ. ನಾ ಅರವತ್ತು ತಾಸು ಆಸ್ಪತ್ರಿಯಾಗ ದುಡುದು ಮುಗಿಸಿದೆ, ಜಡ್ಜ್ ಮುಗೀತು ಅಂದ್ರು. ನಿಂದೇ ಮುಗೀಲಿಲ್ಲ."

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ಹೌದು, ಅನ್ನುತ್ತಿದ್ದೆ. ಟ್ರಂಕು ಎಂಬ ಮಾತು ಬಂದರೆ ಹುಡುಗಿ ಸುಮ್ಮನಾಗುತ್ತಿದ್ದಳು. ಪೆಟ್ಟು ಕೊಡದೆಯೇ ಕೆಲಸವಾಗುತ್ತಿತ್ತು. ಪಿಂಚಣಿಯ ಕಥೆ ಸುಳ್ಳಲ್ಲ, ಅಂಜಿ ಇಟ್ಟುಕೊಂಡದ್ದು ನಿಜ. ಆದರೆ ಅಂಜಿಕೆ ಮೊದಲನೆಯ ವರ್ಷದ್ದು. ಉಳಿದ ಐದು ವರ್ಷ ಆ ಕಾಗದವನ್ನು ಬಡಿಗೆಯ ಹಾಗೆ ಬಳಸಿದ್ದೇನೆ. ಒಂದು ತಿಂಗಳಿನ ಶಿಕ್ಷೆ ಮಂಡಳಿಯದು. ಆರು ವರ್ಷದ್ದು ನನ್ನದು. ಅದಕ್ಕೆ ಅಪೀಲೂ ಇರಲಿಲ್ಲ.

"ಹರದು ಒಗಿತೀನಿ," ಎಂದೆ.

"ಹರಿಯಲ್ಲ ಅದು," ಎಂದಳು. "ಪ್ಲಾಸ್ಟಿಕ್ ಹಾಕಿಸೀಯಲ್ಲ." ಮೂರು ವಾರದಲ್ಲಿ ಮೊದಲ ಸಲ ಅವಳ ತುಟಿಯ ಅಂಚು ಸ್ವಲ್ಪ ಎದ್ದಿತು. ನಗುವೆಂದು ಲೆಕ್ಕ ಹಿಡಿಯುವಷ್ಟಲ್ಲ.

ಮನೆಗೆ ಬಂದು ಕಾಗದವನ್ನು ರೂಢಿಯಂತೆ ಟ್ರಂಕಿಗೆ ಹಾಕಿದೆ, ಉಂಡೆವು. ಠಾಣೆಯ ಅರ್ಜಿಯನ್ನು ನಾಳೆ ರಜೆ ಹಾಕಿ ನಾನೇ ಕೊಟ್ಟು ಬರುತ್ತೇನೆ ಎಂದಳು. ಬೇಡ, ನೀನು ನಿನ್ನ ಆಸ್ಪತ್ರೆಗೆ ಹೋಗು, ತೋರಿಸಿದವಳು ನಾನು, ಹೋಗುವವಳೂ ನಾನೇ ಎಂದೆ. ವಾದ ಮಾಡಲಿಲ್ಲ. ಅರ್ಜಿಯನ್ನು ನನ್ನ ದಿಂಬಿನ ಪಕ್ಕ ಇಟ್ಟು ಮಲಗಿದಳು.

ಮರುದಿನ ಬೆಳಿಗ್ಗೆ ಅವಳನ್ನು ಮೊದಲ ಬಸ್ಸಿಗೆ ಹತ್ತಿಸಿ ಬಂದು ಟ್ರಂಕು ತೆಗೆದೆ. ಕೈಯಿಂದ ಎಳೆದರೆ ಅದು ಹರಿಯಲಿಲ್ಲ, ಹುಡುಗಿ ಹೇಳಿದ್ದು ಖರೆ. ಒಲೆಗೆ ಹಾಕಿದರೆ ಮನೆಯೆಲ್ಲ ಪ್ಲಾಸ್ಟಿಕ್ ನಾರುತ್ತದೆ. ಈಳಿಗೆಮಣೆ ಹಾಕಿಕೊಂಡು ಕುಳಿತು ಬದನೆಕಾಯಿ ಹೆಚ್ಚುವ ಹಾಗೆ ಹೆಚ್ಚಿದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಮೊಹರಿನ ಜಾಗ ಗಟ್ಟಿಯಿತ್ತು, ಎರಡು ಸಲ ಒತ್ತಬೇಕಾಯಿತು. ಚೂರುಗಳನ್ನು ಖಾಲಿ ಹಿಟ್ಟಿನ ಚೀಲಕ್ಕೆ ತುಂಬಿದೆ. ನಾಲ್ಕು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿಕೊಂಡೆ. ಠಾಣೆಗೆ ಹೋದೆ.

ಅದೇ ಪೇದೆ ಇದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನ ಮೇಜಿನ ಮೇಲೆ ಚೀಲ ಬೋರಲು ಹಾಕಿದೆ. ಚೂರುಗಳ ಪಕ್ಕದಲ್ಲಿ ವಕೀಲೆಯ ಅರ್ಜಿ ಇಟ್ಟೆ.

"ನನ್ನ ಮನ್ಯಾಗಿಂದು ನಾ ಮುಗಿಸಿ ಬಂದೀನಿ," ಎಂದೆ. "ಇನ್ನ ನಿನ್ನ ಫೋನಿನಾಗಿಂದು ತೆಗಿ. ಬರದದ್ದು ತಿದ್ದು."

ಅವನು ಅರ್ಜಿ ಓದಿದ. ಕಿವಿ ಕೆಂಪಾಯಿತು. "ಯವ್ವಾ, ನೀವೇ ತೋರಿಸಿದ್ರಿ, ನಾ..."

"ನಾನೇ ತೋರಿಸಿದೆ. ನಾ ಓದಿದ್ದು ಮೂರನೇ ಕ್ಲಾಸು. ನೀ ಎಷ್ಟು ಓದೀ?"

ಫೋನು ತೆಗೆದು, ಆ ಫೋಟೋ ಹುಡುಕಿ, ನನಗೆ ಕಾಣುವಂತೆ ಹಿಡಿದು ಅಳಿಸಿದ. ಅಷ್ಟು ಅವನ ಕೈಯಲ್ಲಿತ್ತು. ವರದಿ ತಿದ್ದುವುದು ಸಾಹೇಬರ ಕೈಯಲ್ಲಿತ್ತು.

"ಸಾಹೇಬ್ರು ರಾಯಚೂರಿಗಿ ಮೀಟಿಂಗಿಗಿ ಹೋಗ್ಯಾರ. ನಾಳಿ ಬರ್ರಿ."

"ಇವತ್ತು ತಿರುಗಿ ಬರಂಗಿಲ್ಲೇನು?"

"ಬರ್ತಾರ, ಎಷ್ಟೊತ್ತಿಗೋ ಏನೋ."

"ಬರಲಿ," ಎಂದೆ. ಬಾಗಿಲಿಗೆ ಎದುರಾಗಿದ್ದ ಬೆಂಚಿನ ಮೇಲೆ ಕುಳಿತು, ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೆ.